ಸಾಲಿನ ಕೊನೆಯಲ್ಲಿ ತಾತ

ಮೊನ್ನೆ ಗೋಡೆ ಗಡಿಯಾರಕ್ಕೆ ಹೊಸ ಸೆಲ್ ಹಾಕುತ್ತಿದ್ದೆ. ಮೊಮ್ಮಗಳು ಪಕ್ಕದಲ್ಲಿ ನಿಂತು ಕೇಳಿದಳು: "ತಾತ, ನಿನ್ನ ಕೈಗಡಿಯಾರಕ್ಕೆ ಕೀ ಕೊಡ್ತೀಯ. ಇದಕ್ಕೆ ಕೀನೂ ಇಲ್ಲ. ಒಂದು ಸೆಕೆಂಡ್ ಆಯ್ತು ಅಂತ ಇದಕ್ಕೆ ಹೆಂಗೆ ಗೊತ್ತಾಗುತ್ತೆ?"

ನನ್ನದು ಹಳೇ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ತೊಡಗಿದ ಕಂಪನಿಯದು. ಅದರೊಳಗೆ ಪುಟ್ಟ ಚಕ್ರವೊಂದು ಹಿಂದಕ್ಕೂ ಮುಂದಕ್ಕೂ ತಿರುಗುತ್ತಾ ಕಾಲ ಅಳೆಯುತ್ತದೆ. ಗೋಡೆ ಗಡಿಯಾರದಲ್ಲಿ ಆ ಕೆಲಸ ಸ್ಫಟಿಕದ ಒಂದು ಚೂರಿನದು. ಪುಟಾಣಿ ಲೋಹದ ಡಬ್ಬಿಯೊಳಗೆ ಕೂತು ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಮುಳ್ಳಿಗೆ ಬೇಕಾದದ್ದು ಸೆಕೆಂಡಿಗೆ ಒಂದೇ ಏಟು!

ಹಾಗಾದರೆ ಏನು ಮಾಡುವುದು? ಅರ್ಧ ಮಾಡುತ್ತಾ ಹೋಗುವುದು. 16,384, 8,192, 4,096... ಹೀಗೆ ಒಟ್ಟು 15 ಸಲ. ಶೇಷವೇ ಇಲ್ಲದೆ 1 ಬರುತ್ತದೆ. ಪುಸ್ತಕ ಪೆನ್ಸಿಲ್ ತಂದು ಮಾಡಿ ನೋಡಿ.

ಅರ್ಧ ಮಾಡುವುದು ಟ್ರಾನ್ಸಿಸ್ಟರುಗಳ ಕೆಲಸ. ಟ್ರಾನ್ಸಿಸ್ಟರ್ ಎಂದರೆ ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್. ಎರಡನ್ನು ತಕ್ಕಡಿಯ ತಟ್ಟೆಗಳಂತೆ ಜೋಡಿಸುತ್ತಾರೆ. ಒಂದು ತೆರೆದಿದ್ದರೆ ಇನ್ನೊಂದು ಮುಚ್ಚಿರಬೇಕು. ಒಂದು ಏಟು ಬಿದ್ದರೆ ಅದಲು, ಮತ್ತೊಂದು ಬಿದ್ದರೆ ಬದಲು. ಎರಡು ಏಟಿಗೊಮ್ಮೆ ಮೊದಲಿನಂತಾದಾಗ ಪಕ್ಕದ ಜೋಡಿಗೆ ಒಂದು ಏಟು ಕೊಡುತ್ತದೆ. ಇದರ ಹೆಸರು ಫ್ಲಿಪ್-ಫ್ಲಾಪ್. ಟ್ರಾನ್ಸಿಸ್ಟರ್ ಹುಟ್ಟುವ ಮೊದಲೇ, 1918ರಲ್ಲಿ, ಇಂಗ್ಲೆಂಡಿನ ಎಕಲ್ಸ್ ಮತ್ತು ಜೋರ್ಡನ್ ವಾಲ್ವುಗಳಿಂದ ಇಂಥದ್ದನ್ನು ಮಾಡಿದ್ದರು.

ಮಾತಿನಲ್ಲಿ ಹೇಳಿದರೆ ಮೊಮ್ಮಕ್ಕಳಿಗೆ ತಿಳಿಯಲಿಲ್ಲ. ಹಗರೆಯ ನಮ್ಮ ಮನೆಯ ಜಗಲಿಯ ಮೇಲೆ ನಾಲ್ವರು ಸಾಲಾಗಿ ಕೂತೆವು. ಮೊದಲನೆಯವನು ನಾನು. ಅಜ್ಜಿ ಒಂದು ಚಪ್ಪಾಳೆ ತಟ್ಟಿದರೆ ನಾನು ಕೈ ಎತ್ತಬೇಕು, ಇನ್ನೊಂದಕ್ಕೆ ಇಳಿಸಬೇಕು. ಇಳಿಸುವಾಗ ಪಕ್ಕದವರನ್ನು ಮುಟ್ಟಬೇಕು. ಅವರೂ ಹಾಗೆಯೇ. 16 ಚಪ್ಪಾಳೆಗೆ ನಾಲ್ಕನೆಯವರು ಒಂದು ಸಲ ಕೈ ಇಳಿಸಿ "ಒಂದು" ಎನ್ನಬೇಕು.

ಅಜ್ಜಿ ಬೇಗ ಬೇಗ ತಟ್ಟಿದಳು. ನನ್ನ ಕೈ ಒಂದೆರಡು ಚಪ್ಪಾಳೆ ತಪ್ಪಿಸಿತು, ಲೆಕ್ಕ ತಾಳೆಯಾಗಲಿಲ್ಲ. "ತಾತನ ಕೈ ನಿಧಾನ. ತಾತ ಬೇಡ" ಎಂದುಬಿಟ್ಟ ಚಿಕ್ಕ ಮೊಮ್ಮಗ. ಎಪ್ಪತ್ತು ದಾಟಿದವನಿಗೂ ಆ ಮಾತು ಚುರ್ ಎಂದಿತು. ಎದ್ದೆ.

ಮೊಮ್ಮಗಳು ಕೈ ಹಿಡಿದು ಕೂರಿಸಿದಳು. "ತಾತ ಕೊನೇಲಿ ಕೂತ್ಕೊಳ್ಳಲಿ. ಅಲ್ಲಿ 8 ಚಪ್ಪಾಳೆಗೆ ಒಂದೇ ಸಲ ಕೈ ಆಡಿಸಿದರೆ ಸಾಕು." ಎಲ್ಲರಿಗಿಂತ ಚುರುಕಾದ ಚಿಕ್ಕವನು ಮೊದಲಿಗೆ ಬಂದ. ಲೆಕ್ಕ ಸರಿಹೋಯಿತು!

ಎಂಜಿನಿಯರುಗಳು ಮಾಡುವುದೂ ಇದನ್ನೇ. ಹಾಸನ ಆಕಾಶವಾಣಿಯ 102.2 ಮೆಗಾಹರ್ಟ್ಸ್ ಅಲೆ ಸೆಕೆಂಡಿಗೆ 10 ಕೋಟಿಗೂ ಹೆಚ್ಚು ಸಲ ಏರಿಳಿಯುತ್ತದೆ. ಅಷ್ಟು ವೇಗದ ಸಂಕೇತವನ್ನು ಭಾಗಿಸುವಾಗ ಅತಿ ಚುರುಕಿನ ಟ್ರಾನ್ಸಿಸ್ಟರುಗಳನ್ನು ಮೊದಲ ಮೆಟ್ಟಿಲಿಗೆ ಇಡುತ್ತಾರೆ. ಅಲ್ಲಿ ಒಂದು ಏಟು ತಪ್ಪಿದರೂ ಮುಂದಿನ ಲೆಕ್ಕವೆಲ್ಲ ತಪ್ಪು. ಮೆಟ್ಟಿಲು ಇಳಿದಂತೆ ಕೆಲಸ ಅರ್ಧರ್ಧ ಕಡಿಮೆಯಾಗುತ್ತದೆ, ಅಲ್ಲಿಗೆ ನಿಧಾನದವರು ಸಾಕು. ಆದರೆ ಮುಳ್ಳನ್ನು ತಳ್ಳುವುದು ಕೊನೆಯವರ ಏಟೇ.

ಈಗ ನಿಮ್ಮ ಸರದಿ. ಅಪ್ಪ, ಅಮ್ಮನನ್ನೂ ಸೇರಿಸಿಕೊಂಡು ಆರು ಜನ ಕೂತರೆ ಎಷ್ಟು ಚಪ್ಪಾಳೆಗೆ "ಒಂದು" ಬರುತ್ತದೆ? ತಾತನನ್ನು ಎಲ್ಲಿ ಕೂರಿಸಬೇಕೆಂದು ಮಾತ್ರ ಮರೆಯಬೇಡಿ.