ಉಸಿರು ಬಿಗಿಹಿಡಿದು ಮುಳುಗುವ ವಿದ್ಯೆ



“ಅರುವತ್ತು ತುಂಬಿದವರು ಶಾಂತಿ ಮಾಡಿಸಿಕೊಂಡು ಮನೆಯಲ್ಲಿರಬೇಕಲ್ಲದೆ, ಪರದೇಶಕ್ಕೆ ಹೋಗಿ ಸಮುದ್ರದಲ್ಲಿ ಮುಳುಗುವುದುಂಟೆ, ಮೇಷ್ಟ್ರೇ?” ಎಂದು ನಮ್ಮ ಬೀದಿಯ ಹಿರಿಯರೊಬ್ಬರು ಹೋದ ವಾರ ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಅವರಿಗೆ ಜಗುಲಿಯ ಮೇಲೆ ಕುಳಿತು ಅರ್ಧ ಉತ್ತರವನ್ನು ಹೇಳಿದೆನು. ಉಳಿದರ್ಧವನ್ನು ಈ ತಿಂಗಳ ಪುಟದಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿರುವ ಮನೆಯವರು, ಅದರಲ್ಲಿಯೂ ಕೆರೆ, ಬಾವಿ, ಈಜುಕೊಳಗಳ ಸಮೀಪದಲ್ಲಿ ವಾಸಿಸುವವರು, ಇದನ್ನು ಕಡೆಯವರೆಗೆ ಓದಬೇಕೆಂದು ನನ್ನ ಪ್ರಾರ್ಥನೆ.

ನನ್ನ ಮಗಳು ಬ್ಯಾಂಕಾಕ್ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ಬೆನ್ನಿಗೆ ಗಾಳಿಯ ಕೊಳವೆಯನ್ನು ಕಟ್ಟಿಕೊಳ್ಳದೆ, ಒಂದೇ ಉಸಿರಿನಲ್ಲಿ ಕಡಲಿನೊಳಕ್ಕೆ ಇಳಿದು ಮೇಲೆ ಬರುವ ವಿದ್ಯೆಯೊಂದಿದೆಯೆಂದೂ, ಅದಕ್ಕೆ ಫ್ರೀಡೈವಿಂಗ್ ಎಂದು ಹೆಸರೆಂದೂ, ರಜೆಯಲ್ಲಿ ತಾನು ಅದನ್ನು ಕಲಿಯಲಿರುವೆನೆಂದೂ ಅವಳು ದೂರವಾಣಿಯಲ್ಲಿ ತಿಳಿಸಿದಳು. “ಬೇಡ, ಮಗೂ” ಎಂದೆನು. “ಏತಕ್ಕೆ ಬೇಡ?” ಎಂದಳು. ಕಾರಣವನ್ನು ಹೇಳಲಾರದೆ ಹೋದೆನು. “ಹಾಗಾದರೆ, ಅಪ್ಪಾ, ನೀವೇ ಬಂದು ನೋಡಿ. ನಿಮಗೆ ಈಜು ಬರುತ್ತದಷ್ಟೆ, ನನ್ನ ಜೊತೆಯಲ್ಲಿ ನೀವೂ ಕಲಿಯಿರಿ” ಎಂದಳು. ವೈದ್ಯರು ಎದೆಯನ್ನೂ ಕಿವಿಯನ್ನೂ ಪರೀಕ್ಷಿಸಿ ಅನುಮತಿಪತ್ರವನ್ನು ಬರೆದುಕೊಟ್ಟರು. ಹೀಗೆ, ತಡೆಯಬೇಕೆಂದು ಹೊರಟವನು ತಾನೇ ವಿದ್ಯಾರ್ಥಿಯಾದೆನು.

ನಾವು ಹೋದುದು ಸಯಾಂ ಕೊಲ್ಲಿಯಲ್ಲಿರುವ ಕೋ ತಾವ್ ಎಂಬ ದ್ವೀಪಕ್ಕೆ. ಥಾಯಿ ಭಾಷೆಯಲ್ಲಿ ‘ಕೋ’ ಎಂದರೆ ದ್ವೀಪ, ‘ತಾವ್’ ಎಂದರೆ ಆಮೆ. ಆದುದರಿಂದ ನಾನು ಇದನ್ನು ಕೂರ್ಮದ್ವೀಪವೆಂದೇ ಕರೆಯುತ್ತಿದ್ದೆನು. ವಿಸ್ತೀರ್ಣವು ಸುಮಾರು ೨೧ ಚದರ ಕಿಲೋಮೀಟರು ಮಾತ್ರ. ವಿಮಾನನಿಲ್ದಾಣವಿಲ್ಲ, ಚುಂಫೋನ್ ಎಂಬ ಪಟ್ಟಣದ ಕಡೆಯಿಂದ ಹಡಗಿನಲ್ಲಿ ಹೋಗಬೇಕು. ದಂಡೆಯಲ್ಲಿ ತೆಂಗು, ಹಿಂದೆ ಗುಡ್ಡ, ನಡುನಡುವೆ ಆನೆಗಳು ಮಲಗಿರುವಂತೆ ಕಾಣುವ ಬಂಡೆಗಳು. ೧೮೯೯ರಲ್ಲಿ ಸಯಾಮಿನ ದೊರೆ ಚುಲಾಲೋಂಗಕೋರ್ನನು ಇಲ್ಲಿಗೆ ಬಂದುದರ ಗುರುತಾಗಿ ಅವನ ಹೆಸರಿನ ಅಕ್ಷರಗಳನ್ನು ಒಂದು ಬಂಡೆಯ ಮೇಲೆ ಕೆತ್ತಿರುತ್ತಾರೆ. ಈಗ ಈ ದ್ವೀಪದ ಬೀದಿಬೀದಿಯಲ್ಲಿಯೂ ಮುಳುಗು ಕಲಿಸುವ ಶಾಲೆಗಳಿವೆ.

ನಮ್ಮ ಉಪಾಧ್ಯಾಯಿನಿಯು ಯೂರೋಪಿನ ತರುಣಿ. ನನ್ನ ಮಗಳಿಗಿಂತ ಎರಡು ಮೂರು ವರ್ಷ ಹಿರಿಯರಿರಬಹುದು. ವಯಸ್ಸಿನಲ್ಲಿ ಕಿರಿಯರಾದರೂ ಗುರುಗಳು ಗುರುಗಳೇ. ಮೂವತ್ತು ವರ್ಷ ಹಲಗೆಯ ಮುಂದೆ ನಿಂತಿದ್ದವನು ಅವರ ಮುಂದೆ ಟಿಪ್ಪಣಿಪುಸ್ತಕವನ್ನು ಹಿಡಿದು ಕುಳಿತೆನು. ಮೊದಲನೆಯ ದಿವಸ ನೀರಿಗೆ ಇಳಿಸುವರೆಂದು ತಿಳಿದಿದ್ದ ನನಗೆ ಅರ್ಧ ದಿನದ ಪಾಠವೇ ದೊರೆಯಿತು.

ಈ ವಿದ್ಯೆಯು ಹೊಸದಲ್ಲವೆಂದು ಅವರು ಆರಂಭಿಸಿದರು. ಕೊರಿಯ ದೇಶದ ಜೇಜು ದ್ವೀಪದಲ್ಲಿ ಹೆನ್ಯೋ ಎಂಬ ಹೆಂಗಸರು, ಅಜ್ಜಿಯರಾದ ಮೇಲೆಯೂ, ಉಸಿರು ಹಿಡಿದು ಮುಳುಗಿ ಕಡಲಿನ ಚಿಪ್ಪುಗಳನ್ನು ತಂದು ಸಂಸಾರವನ್ನು ಸಾಗಿಸುತ್ತಾರೆ. ೨೦೧೬ರಲ್ಲಿ ಯುನೆಸ್ಕೊ ಸಂಸ್ಥೆಯು ಅವರ ಸಂಪ್ರದಾಯವನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಇಂಡೋನೇಶಿಯದ ಬಜಾವ್ ಜನರು ತಲೆತಲಾಂತರದಿಂದ ಮುಳುಗುವವರಾದುದರಿಂದ, ಅವರ ಗುಲ್ಮವು ನೆರೆಯ ಜನರದಕ್ಕಿಂತ ಸುಮಾರು ಅರ್ಧದಷ್ಟು ದೊಡ್ಡದಾಗಿರುವುದೆಂದು ೨೦೧೮ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನಮ್ಮ ಮನ್ನಾರು ಕೊಲ್ಲಿಯ ಮುತ್ತಿನ ಮುಳುಗರನ್ನು ನಾನು ನೆನಪಿಸಿದೆನು. ಅವರು ಸಂತೋಷದಿಂದ ತಲೆದೂಗಿದರು. ವೈಶಂಪಾಯನ ಸರೋವರದಲ್ಲಿ ಜಲಸ್ತಂಭನವಿದ್ಯೆಯಿಂದ ಅಡಗಿದ್ದ ದುರ್ಯೋಧನನ ವಿಷಯವನ್ನು ಮಾತ್ರ ನನ್ನಲ್ಲಿಯೇ ಇಟ್ಟುಕೊಂಡೆನು.

ಬಳಿಕ ಬಂದಿತು ಉಸಿರಿನ ಪಾಠ. ಉಸಿರು ಹಿಡಿದಾಗ ನಮ್ಮನ್ನು ಸಂಕಟಪಡಿಸುವುದು ಆಮ್ಲಜನಕದ ಕೊರತೆಯೆಂದು ನಾವೆಲ್ಲರೂ ತಿಳಿದಿರುತ್ತೇವೆ, ಅದು ಹಾಗಲ್ಲವಂತೆ. ದೇಹದಲ್ಲಿ ಹುಟ್ಟಿ ರಕ್ತದಲ್ಲಿ ಸೇರುವ ಇಂಗಾಲಾಮ್ಲ ವಾಯುವು ಹೆಚ್ಚಿದಾಗ, ಮಿದುಳು ಅದನ್ನು ಅರಿತು “ಉಸಿರಾಡು, ಉಸಿರಾಡು” ಎಂದು ಗಂಟೆ ಬಾರಿಸುತ್ತದೆ. ಆ ವಾಯುವೇ ನಮ್ಮ ಕಾವಲುಗಾರ. ಈಗ ಒಬ್ಬನು ಮುಳುಗುವುದಕ್ಕೆ ಮೊದಲು ಹತ್ತಿಪ್ಪತ್ತು ಸಾರಿ ಬಿರುಸಾಗಿ ಉಸಿರಾಡಿದನೆನ್ನಿರಿ. ಅದರಿಂದ ಆಮ್ಲಜನಕದ ಸಂಗ್ರಹವು ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಇಂಗಾಲಾಮ್ಲ ಮಾತ್ರ ಹೊರಗೆ ಹೊರಟುಹೋಗುತ್ತದೆ. ಎಂದರೆ, ಮನೆಯ ಧಾನ್ಯವು ಹೆಚ್ಚಲಿಲ್ಲ, ಕಾವಲುಗಾರನನ್ನು ಮಾತ್ರ ಓಡಿಸಿದಂತಾಯಿತು. ನೀರಿನೊಳಗಿರುವವನಿಗೆ ಸಂಕಟವೇ ತೋರುವುದಿಲ್ಲ. “ಇನ್ನೂ ಇರಬಲ್ಲೆನು” ಎಂದುಕೊಳ್ಳುತ್ತಿರುವಾಗಲೇ ಆಮ್ಲಜನಕವು ಮುಗಿದು, ಯಾವ ಸೂಚನೆಯೂ ಇಲ್ಲದೆ ಎಚ್ಚರ ತಪ್ಪುತ್ತದೆ. ಒದ್ದಾಟವಿಲ್ಲ, ಕೂಗಿಲ್ಲ. ದಡದಲ್ಲಿರುವವರಿಗೆ ಅವನು ಸುಮ್ಮನೆ ಮುಳುಗಿರುವಂತೆಯೇ ಕಾಣುತ್ತದೆ.

ಇಷ್ಟನ್ನು ಕೇಳಿದಾಗ ನನ್ನ ಲೇಖನಿಯು ನಿಂತುಹೋಯಿತು.

ನನಗೆ ಹನ್ನೆರಡು ವರ್ಷವಾಗಿದ್ದಾಗ ನಮ್ಮೂರ ಕೆರೆಯಲ್ಲಿ ನಾವು ಐದಾರು ಹುಡುಗರು ಮುಳುಗಿರುವ ಪಂದ್ಯವನ್ನು ಆಡುತ್ತಿದ್ದೆವು. ನಮ್ಮಲ್ಲೆಲ್ಲಾ ಚೆನ್ನಾಗಿ ಈಜುತ್ತಿದ್ದವನು ನನ್ನ ಸಹಪಾಠಿ. ನನಗಿಂತ ಒಂದು ವರ್ಷ ದೊಡ್ಡವನು. ಅವನು ಸೋಪಾನದ ಮೇಲೆ ನಿಂತು ಕಮ್ಮಾರನ ತಿದಿಯಂತೆ ಬುಸಬುಸನೆ ಉಸಿರಾಡಿ, ನಕ್ಕು, ನೀರಿಗೆ ಇಳಿದನು. ಎಣಿಸುತ್ತಿದ್ದವನು ನಾನು. ನೂರು ದಾಟಿದಾಗ ಚಪ್ಪಾಳೆ ತಟ್ಟಿದೆವು. ನೂರ ಇಪ್ಪತ್ತಕ್ಕೆ ಜಯಕಾರ ಮಾಡಿದೆವು. ನೂರ ಐವತ್ತಾದಾಗಲೂ ನಾನು ಎಣಿಸುತ್ತಲೇ ಇದ್ದೆನು. ದೊಡ್ಡವರನ್ನು ಕೂಗಿ ಕರೆಯುವ ವೇಳೆಗೆ ಕಾಲವು ಮೀರಿಹೋಗಿತ್ತು. ಊರಿನಲ್ಲಿ ಕೆಲವರು ಕೆರೆಯ ದೇವತೆಯು ಬಲಿ ತೆಗೆದುಕೊಂಡಳೆಂದರು. ಕೆಲವರು ಕಾಲಿಗೆ ಬಳ್ಳಿ ಸುತ್ತಿಕೊಂಡಿತೆಂದರು. ಅಷ್ಟು ಚೆನ್ನಾಗಿ ಈಜುತ್ತಿದ್ದವನು ಆಳುದ್ದ ನೀರಿನಲ್ಲಿ ಹೇಗೆ ಹೋದನೆಂಬುದು ನನಗೆ ತಿಳಿಯಲೇ ಇಲ್ಲ. ಮುಂದೆ ಉಪಾಧ್ಯಾಯನಾದ ಮೇಲೆ “ಕೆರೆಗೆ ಹೋಗಬೇಡಿ” ಎಂದು ಪ್ರತಿ ಬೇಸಿಗೆಯಲ್ಲಿಯೂ ಮಕ್ಕಳಿಗೆ ಗದರಿಸಿದೆನು. ಕಾರಣವನ್ನು ಹೇಳದ ನಿಷೇಧವನ್ನು ಮಕ್ಕಳು ಎಷ್ಟು ದಿನ ಪಾಲಿಸಿಯಾರು? ಕಾರಣವು ನನಗೆ ತಿಳಿದುದು, ನಾಲ್ವತ್ತೆಂಟು ವರ್ಷಗಳ ಮೇಲೆ, ಕೂರ್ಮದ್ವೀಪದ ಒಂದು ಹುಲ್ಲು ಚಾವಣಿಯ ಕೊಠಡಿಯಲ್ಲಿ.

ಪ್ರಾಣಾಯಾಮವನ್ನು ಅಭ್ಯಾಸ ಮಾಡುವ ಗೃಹಸ್ಥರಿಗೆ ಇಲ್ಲಿ ಒಂದು ಮಾತನ್ನು ಹೇಳಬೇಕು. ನಾನೂ ಹಲವು ವರ್ಷಗಳಿಂದ ಮುಂಜಾನೆ ಕುಂಭಕವನ್ನು ಮಾಡುವವನಾದುದರಿಂದ, ಈ ವಿದ್ಯೆಯು ನನಗೆ ಸುಲಭವೆಂಬ ಸಣ್ಣ ಗರ್ವವಿದ್ದಿತು. ಯೋಗಾಭ್ಯಾಸಿಯಾಗಿದ್ದ ಫ್ರಾನ್ಸಿನ ಝಾಕ್ ಮಯೋಲ್ ಎಂಬಾತನು ೧೯೭೬ರಲ್ಲಿ, ತನ್ನ ನಾಲ್ವತ್ತೊಂಬತ್ತನೆಯ ವಯಸ್ಸಿನಲ್ಲಿ, ಭಾರದ ಸಹಾಯದಿಂದ ನೂರು ಮೀಟರು ಆಳಕ್ಕೆ ಇಳಿದು ಬಂದನೆಂಬುದೂ ನಿಜವೇ. ಆದರೆ ಭಸ್ತ್ರಿಕಾ, ಕಪಾಲಭಾತಿ ಮೊದಲಾದ ಬಿರುಸಿನ ಕ್ರಿಯೆಗಳು ಒಣನೆಲದಲ್ಲಿ ಆಸನದ ಮೇಲೆ ಕುಳಿತು ಮಾಡತಕ್ಕವು. ಅವುಗಳನ್ನು ಮಾಡಿ ನೀರಿಗೆ ಇಳಿಯುವುದೆಂದರೆ ನನ್ನ ಸಹಪಾಠಿಯು ಮಾಡಿದುದನ್ನೇ ಮಾಡಿದಂತೆ. ಮುಳುಗುವವನು ಎರಡು ನಿಮಿಷ ಸಹಜವಾಗಿ, ಶಾಂತವಾಗಿ ಉಸಿರಾಡಿ, ಕಡೆಯಲ್ಲಿ ಒಂದೇ ಒಂದು ತುಂಬು ಉಸಿರನ್ನು ತೆಗೆದುಕೊಂಡು ಇಳಿಯಬೇಕೆಂಬುದೇ ಇಲ್ಲಿಯ ವಿಧಿ.

ಅದೇ ದಿವಸ ಸಾಯಂಕಾಲ ಕೊಳದಲ್ಲಿ ಮುಖವನ್ನು ಮುಳುಗಿಸಿ ಕದಲದೆ ತೇಲುವ ಅಭ್ಯಾಸವಾಯಿತು. ಮುಖಕ್ಕೆ ನೀರು ತಗಲುತ್ತಲೇ ನಾಡಿಯು ನಿಧಾನವಾಗುವುದು, ಕೈಕಾಲುಗಳ ರಕ್ತನಾಳಗಳು ಸಂಕೋಚಗೊಂಡು ಹೃದಯಕ್ಕೂ ಮಿದುಳಿಗೂ ರಕ್ತವನ್ನು ಉಳಿಸಿಕೊಡುವುದು, ಇವೆಲ್ಲವೂ ನಮಗೂ ಸೀಲ್ ಮೊದಲಾದ ಜಲಚರಗಳಿಗೂ ಸಮಾನವಾದ ದೇಹಧರ್ಮವಂತೆ. ಸ್ವಲ್ಪ ಹೊತ್ತಾದ ಮೇಲೆ ಹೊಟ್ಟೆಯ ಮೇಲುಭಾಗವು ತಾನಾಗಿಯೇ ಅದುರತೊಡಗುತ್ತದೆ. ಅದು ಕಾವಲುಗಾರನ ಗಂಟೆ. ಪಕ್ಕದಲ್ಲಿ ನಿಂತ ಜೊತೆಗಾರನು ಆಗಾಗ್ಗೆ ಬೆನ್ನನ್ನು ಮುಟ್ಟುತ್ತಾನೆ. ತೇಲುತ್ತಿರುವವನು ಬೆರಳೆತ್ತಿ ಎಚ್ಚರವಾಗಿರುವೆನೆಂದು ಸೂಚಿಸಬೇಕು. ಬೆರಳು ಏಳದಿದ್ದರೆ ಆ ಕ್ಷಣವೇ ಮುಖವನ್ನು ಮೇಲಕ್ಕೆತ್ತಬೇಕು. ನಾನು ಮೊದಲು ಐವತ್ತೈದು ಸೆಕೆಂಡು, ಮೂರನೆಯ ಸಾರಿ ಒಂದು ನಿಮಿಷ ನಾಲ್ವತ್ತು ಸೆಕೆಂಡು ಇದ್ದೆನು. ನನ್ನ ಮಗಳು ಎರಡು ನಿಮಿಷವನ್ನು ದಾಟಿದಳು. ಅವಳ ಬೆನ್ನನ್ನು ಮುಟ್ಟಿ ಬೆರಳನ್ನು ನೋಡುತ್ತಿದ್ದವನು ನಾನು. ಅಂದು ನಾನು ಎಣಿಸಲಿಲ್ಲ. ಗಡಿಯಾರವು ಉಪಾಧ್ಯಾಯಿನಿಯವರ ಕೈಯಲ್ಲಿದ್ದಿತು.

ಎರಡನೆಯ ದಿವಸ ದೋಣಿಯಲ್ಲಿ ಕುಳಿತು ಕಡಲಿಗೆ ಹೋದೆವು. ತೇಲುವ ಬುರುಡೆಯೊಂದಕ್ಕೆ ಹಗ್ಗವನ್ನು ಕಟ್ಟಿ ಕೆಳಗೆ ಭಾರವನ್ನು ಇಳಿಬಿಟ್ಟಿರುತ್ತಾರೆ. ಆ ಹಗ್ಗದ ಪಕ್ಕದಲ್ಲಿಯೇ ಇಳಿದು ಏರಬೇಕು. ನೀರಿನ ಮೇಲೆ ಗಾಳಿಯ ಒತ್ತಡವು ಒಂದು ಪಾಲೆಂದು ಇಟ್ಟುಕೊಂಡರೆ, ೧೦ ಮೀಟರು ಆಳದಲ್ಲಿ ಒತ್ತಡವು ಎರಡು ಪಾಲು, ೨೦ ಮೀಟರಿನಲ್ಲಿ ಮೂರು ಪಾಲು. ರಾಬರ್ಟ್ ಬಾಯ್ಲನು ೧೬೬೨ರಲ್ಲಿ ಪ್ರಕಟಿಸಿದ ನಿಯಮದಂತೆ, ಎದೆಯಲ್ಲಿರುವ ಗಾಳಿಯು ಹತ್ತರಲ್ಲಿ ಅರ್ಧಕ್ಕೂ ಇಪ್ಪತ್ತರಲ್ಲಿ ಮೂರನೆಯ ಒಂದಕ್ಕೂ ಕುಗ್ಗುತ್ತದೆ. ಶಾಲೆಯಲ್ಲಿ ಹಲಗೆಯ ಮೇಲೆ ಕಂಡಿದ್ದ ನಿಯಮವನ್ನು ಅಂದು ನನ್ನ ಕಿವಿಯೇ ನನಗೆ ಕಲಿಸಿತು. ಎರಡು ಮೀಟರು ಇಳಿಯುವಷ್ಟರಲ್ಲಿಯೇ ಕಿವಿದಮ್ಮಟೆಯು ಒಳಕ್ಕೆ ಒತ್ತಲ್ಪಟ್ಟು ನೋಯುತ್ತದೆ. ಮೂಗನ್ನು ಹಿಡಿದು, ನಾಲಗೆಯ ಬುಡದಿಂದ ಬಾಯಿಯ ಗಾಳಿಯನ್ನು ಹಿಂದಕ್ಕೆ ತಳ್ಳಿ, ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳವನ್ನು ತೆರೆಯಬೇಕು. ಹೆರ್ಮನ್ ಫ್ರೆನ್ಸೆಲ್ ಎಂಬ ಜರ್ಮನ್ ವೈದ್ಯನ ಹೆಸರಿನಿಂದ ಈ ಕ್ರಮವು ಪ್ರಸಿದ್ಧವಾಗಿದೆ. ಎದೆಯ ಬಲದಿಂದ ಊದುವ ಸಾಮಾನ್ಯ ಕ್ರಮವು ತಲೆ ಕೆಳಗಾಗಿರುವಾಗ ಬೇಗನೆ ಸೋಲುತ್ತದೆ.

ನಾನು ಏಳು ಮೀಟರಿಗೆ ನಿಂತೆನು. ಮೂರು ಸಾರಿ ಇಳಿದೆನು. ಮೂರು ಸಾರಿಯೂ ಅಲ್ಲಿಯೇ ಎಡಗಿವಿಯು ಹಟಮಾಡಿತು. ನೋವಿದ್ದಲ್ಲಿ ಮುಂದಕ್ಕೆ ಹೋಗಬಾರದೆಂಬುದು ಆಜ್ಞೆ. ಬಲಾತ್ಕರಿಸಿದರೆ ಕಿವಿಯ ಪೊರೆಯು ಹರಿಯುವುದು. ಮೂರನೆಯ ದಿವಸವೂ ಅಷ್ಟೇ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಎಷ್ಟೋ ಹುಡುಗರನ್ನು ಅನುತ್ತೀರ್ಣರನ್ನಾಗಿ ಮಾಡಿದ ಕೈಗೆ ಅದೂ ಒಂದು ಪಾಠವೇ.

ಆದರೆ ಉಪಾಧ್ಯಾಯಿನಿಯವರು ನನಗೆ ಬೇರೊಂದು ಕೆಲಸವನ್ನು ಒಪ್ಪಿಸಿದರು. ಆಳಕ್ಕೆ ಇಳಿದವನು ಏರಿಬರುವಾಗ ನೀರಿನ ಒತ್ತಡವು ಇಳಿಯುತ್ತಾ, ಎದೆಯಲ್ಲಿ ಉಳಿದಿರುವ ಆಮ್ಲಜನಕದ ಒತ್ತಡವೂ ಅದರೊಡನೆ ಕುಸಿಯುತ್ತದೆ. ಕೊನೆಯ ಹತ್ತು ಮೀಟರುಗಳಲ್ಲಿ ಈ ಕುಸಿತವು ಎಲ್ಲಕ್ಕಿಂತ ಹೆಚ್ಚು. ಆದುದರಿಂದ ಎಚ್ಚರ ತಪ್ಪುವುದು ಕೆಳಗಲ್ಲ, ಬಹುಮಟ್ಟಿಗೆ ಮೇಲೆ, ಬೆಳಕು ಕಂಡ ಮೇಲೆ. ಜೊತೆಗಾರನು ಸ್ವಲ್ಪ ದೂರ ಕೆಳಕ್ಕೆ ಇಳಿದು, ಬರುವವನನ್ನು ಎದುರುಗೊಂಡು, ಮುಖವನ್ನೇ ನೋಡುತ್ತಾ ಒಡನೆ ಏರಬೇಕು. ಮೇಲೆ ಬಂದು ಉಸಿರಾಡಿದ ಬಳಿಕವೂ ಅರ್ಧ ನಿಮಿಷ ದೃಷ್ಟಿಯನ್ನು ತೆಗೆಯಬಾರದು. ಎಚ್ಚರ ತಪ್ಪಿದರೆ ಮುಖವನ್ನು ನೀರಿನಿಂದ ಮೇಲೆ ಹಿಡಿದು, ಕಣ್ಣಿನ ಕನ್ನಡಕವನ್ನು ತೆಗೆದು, ಕೆನ್ನೆಯನ್ನು ತಟ್ಟಿ, ಕಣ್ಣುಗಳ ಮೇಲೆ ಊದಿ, ಹೆಸರು ಹಿಡಿದು “ಉಸಿರಾಡು” ಎಂದು ಕರೆಯಬೇಕು. ಗಂಟಲು ಸ್ವಲ್ಪ ಹೊತ್ತು ತಾನೇ ಮುಚ್ಚಿಕೊಂಡು ನೀರನ್ನು ತಡೆಯುವುದರಿಂದ, ಕೂಡಲೆ ಮೇಲೆತ್ತಿದವರಲ್ಲಿ ಬಹುಮಂದಿ ಕೆಲವು ಕ್ಷಣಗಳಲ್ಲಿಯೇ ಎಚ್ಚರಗೊಳ್ಳುತ್ತಾರೆ.

ನನ್ನ ಮಗಳು ಹದಿನಾರು ಮೀಟರಿಗೆ ಇಳಿದಳು. ನೀಲಿಯಲ್ಲಿ ಅವಳ ಕಾಲಿನ ಉದ್ದ ರೆಕ್ಕೆಗಳು ಚಿಕ್ಕದಾಗುತ್ತಾ ಹೋಗಿ ಕಾಣದಾದುವು. ಹಗ್ಗದ ಕಂಪನವು ಕೈಗೆ ತಿಳಿಯಿತು. ಉಪಾಧ್ಯಾಯಿನಿಯವರು ಸನ್ನೆ ಮಾಡಿದರು. ನಾನು ಐದು ಮೀಟರು ಇಳಿದು ಕಾದೆನು. ಅವಳು ಬಂದಳು, ಮುಖಕ್ಕೆ ಮುಖವಿಟ್ಟು ಒಡನೆಯೇ ಏರಿದೆವು. ಅವಳು ಉಸಿರಾಡಿ “ಚೆನ್ನಾಗಿದ್ದೇನೆ, ಅಪ್ಪಾ” ಎಂದಳು. ನಾನು ಮಾತನಾಡದೆ ಅರ್ಧ ನಿಮಿಷ ಅವಳ ಮುಖವನ್ನೇ ನೋಡಿದೆನು. “ಇನ್ನು ಸಾಕು, ಅಪ್ಪಾ” ಎಂದು ನಕ್ಕಳು. ನಾನು ಇನ್ನೂ ಸ್ವಲ್ಪ ಹೊತ್ತು ನೋಡಿದೆನು.

ಕುಶಲರಿಗೆ ಅಪಾಯವಿಲ್ಲವೆಂದು ಯಾರೂ ಭಾವಿಸಬಾರದು. ರಷ್ಯದ ನತಾಲ್ಯಾ ಮೊಲ್ಚಾನೊವಾ ಎಂಬಾಕೆಯು ನಾಲ್ವತ್ತನೆಯ ವಯಸ್ಸಿನಲ್ಲಿ ಈ ವಿದ್ಯೆಯನ್ನು ಆರಂಭಿಸಿ, ೨೦೧೩ರಲ್ಲಿ ಒಂಬತ್ತು ನಿಮಿಷಕ್ಕೂ ಮೀರಿ ಉಸಿರು ಹಿಡಿದು, ಜಗತ್ತಿನಲ್ಲಿ ಅಗ್ರಗಣ್ಯಳಾದಳು. ೨೦೧೫ರ ಆಗಸ್ಟಿನಲ್ಲಿ ಸ್ಪೇನಿನ ಫೊರ್ಮೆಂಟೆರಾ ದ್ವೀಪದ ಬಳಿ ಮುಳುಗಿದವಳು ಮರಳಿ ಬರಲಿಲ್ಲ.

ನಮ್ಮ ಮನೆಗಳಿಗೆ ಬೇಕಾದುದು ಇಷ್ಟು. ಮಕ್ಕಳು ಈಜು ಕಲಿಯಲಿ. ಆದರೆ ಉಸಿರು ಹಿಡಿಯುವ ಪಂದ್ಯವನ್ನು ನೀರಿನಲ್ಲಿ ಆಡಕೂಡದು. ನೀರಿಗೆ ಇಳಿಯುವ ಮೊದಲು ಬುಸಬುಸನೆ ಉಸಿರಾಡಕೂಡದು. ಒಬ್ಬರೇ ಮುಳುಗಕೂಡದು; ಒಬ್ಬರು ಕೆಳಗಿದ್ದರೆ ಮತ್ತೊಬ್ಬರು ಮೇಲೆ ನಿಂತು ನೋಡುತ್ತಿರಬೇಕು. ಮುಳುಗಿದವರು ಕದಲದಿದ್ದರೆ ಎಣಿಸುತ್ತಾ ಕೂರದೆ ಕೂಡಲೆ ಎತ್ತಬೇಕು. ಉಸಿರಿಲ್ಲದಿದ್ದರೆ ಬಾಯಿಂದ ಉಸಿರು ಕೊಟ್ಟು, ಎದೆಯನ್ನು ಒತ್ತುತ್ತಾ, ೧೧೨ಕ್ಕೆ ಕರೆಮಾಡಿಸಬೇಕು. ನಿಷೇಧದೊಡನೆ ಕಾರಣವನ್ನೂ ಹೇಳಿರಿ. ಕಾರಣವನ್ನು ತಿಳಿದ ಮಗುವು ತಾನೂ ಉಳಿದು ಜೊತೆಯವನನ್ನೂ ಉಳಿಸೀತು.

ನಮ್ಮ ಬೀದಿಯ ಹಿರಿಯರಿಗೆ ಉಳಿದರ್ಧ ಉತ್ತರವಿದು. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಶಾಲೆಯ ಮಕ್ಕಳನ್ನು ಕೆರೆಯ ಸೋಪಾನದ ಮೇಲೆ ಕೂರಿಸಿಕೊಂಡು ಇದನ್ನೇ ಹೇಳಬೇಕೆಂದಿದ್ದೇನೆ. ನನ್ನ ಸಹಪಾಠಿಗೆ ನಾನು ಸಲ್ಲಿಸಬಹುದಾದ ತರ್ಪಣವು ಬೇರೆ ಯಾವುದೂ ನನಗೆ ತೋರದು.