ಸದ್ದು ಕೇಳಿದ ಕಿವಿಗೂ ಕೂಲಿ ಸಲ್ಲಬೇಕು

ಕಾರಿನ ಬಿಡಿಭಾಗವೊಂದಕ್ಕೆ ಮೂರು ಸಾವಿರ ರೂಪಾಯಿ ಕೇಳಿದರೆ ಮರುಮಾತಿಲ್ಲದೆ ಎಣಿಸಿಕೊಡುವ ನಾವು, ಆ ಭಾಗ ನಿಜವಾಗಿಯೂ ಸವೆದಿದೆಯೇ ಎಂದು ಅರ್ಧ ಗಂಟೆ ಪರೀಕ್ಷಿಸಿದ ಮೆಕ್ಯಾನಿಕ್ಕಿಗೆ ಮುನ್ನೂರು ರೂಪಾಯಿ ಕೊಡಲು ಹಿಂಜರಿಯುತ್ತೇವೆ. "ಸುಮ್ಮನೆ ಓಡಿಸಿ ನೋಡಿದ್ದಕ್ಕೂ ದುಡ್ಡೇ?" ಎಂಬ ಮಾತನ್ನು ನಾನು ವಿದ್ಯಾವಂತರ ಬಾಯಲ್ಲೇ ಹೆಚ್ಚಾಗಿ ಕೇಳಿದ್ದೇನೆ. ಹಳೆಯ ಕಾರುಗಳ ದುರಸ್ತಿ ದುಬಾರಿಯಾಗುತ್ತಿರುವುದಕ್ಕೂ, ಇನ್ನೂ ಓಡಬಲ್ಲ ಗಾಡಿಗಳು ಗುಜರಿ ಸೇರುತ್ತಿರುವುದಕ್ಕೂ ನಮ್ಮ ಈ ಜಿಪುಣತನವೇ ಒಂದು ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ. ಪತ್ತೆಹಚ್ಚುವ ಕೆಲಸಕ್ಕೆ ಕೂಲಿಯಿಲ್ಲವೆಂದಾದರೆ ಅವನು ಬದುಕಬೇಕಾದದ್ದು ಭಾಗಗಳನ್ನು ಬದಲಾಯಿಸಿಯೇ ಅಲ್ಲವೇ?

ನಮ್ಮ ಮನೆಯಲ್ಲಿರುವುದು ಮಾರುತಿ 800. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದ್ದರಿಂದ ಇಂದು ರಸ್ತೆಯಲ್ಲಿ ಕಾಣುವ ಪ್ರತಿಯೊಂದು 800 ಕೂಡ ದಶಕ ಮೀರಿದ ಹಿರಿಯನೇ. ಕಳೆದ ವರ್ಷ ನಮ್ಮ ಗಾಡಿಯ ಮುಂಭಾಗದಿಂದ ದುಂಬಿಯ ಝೇಂಕಾರದಂತಹ ಸದ್ದು ಹೊರಡತೊಡಗಿತು. ಒಂದು ದೊಡ್ಡ ವರ್ಕ್‌ಶಾಪಿನವರು ಬಾನೆಟ್ ತೆರೆದು ನೋಡಿ, ಗೇರ್‌ಬಾಕ್ಸ್ ಇಳಿಸಬೇಕು, ಹದಿನೆಂಟು ಸಾವಿರವಾದರೂ ಆದೀತು ಎಂದರು. ಕಾರನ್ನು ಒಂದು ಫರ್ಲಾಂಗ್ ಕೂಡ ಓಡಿಸಿ ನೋಡದೆ ಕೊಟ್ಟ ತೀರ್ಪದು!

ಮೂವತ್ತೈದು ವರ್ಷ ಭೌತವಿಜ್ಞಾನ ಬೋಧಿಸಿದವನಿಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ವಾಹನಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗ ಮುಟ್ಟಿ ಗೇರನ್ನು ನ್ಯೂಟ್ರಲ್‌ಗೆ ತಂದೆ. ಎಂಜಿನ್ನಿನ ಸದ್ದು ಇಳಿಯಿತು, ಝೇಂಕಾರ ಮಾತ್ರ ಹಾಗೆಯೇ ಉಳಿದು, ಕಾರಿನ ವೇಗ ಕುಂದಿದಂತೆ ತಾನೂ ಮೆಲ್ಲನೆ ಕುಂದಿತು. ಅಂದರೆ ಅದರ ನಂಟು ಎಂಜಿನ್ನಿಗಲ್ಲ, ಚಕ್ರಕ್ಕೆ. ಆ ಪುಟ್ಟ ಟೈರಿನ ಸುತ್ತಳತೆ ಸುಮಾರು 1.6 ಮೀಟರ್, 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಎಂಜಿನ್ ಅದರ ಹಲವು ಪಟ್ಟು. ಇವೆರಡರಲ್ಲಿ ಯಾವುದರ ತಾಳಕ್ಕೆ ಸದ್ದು ಹೆಜ್ಜೆ ಹಾಕುತ್ತಿದೆ ಎಂಬುದನ್ನು ಗುರುತಿಸಿದರೆ ಅರ್ಧ ಪತ್ತೇದಾರಿಕೆ ಮುಗಿದಂತೆ. ಬಳಿಕ ಕಾರನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದೆ, ಸದ್ದು ಏರಿತು. ಬಲಕ್ಕೆ ಹೊರಳಿಸಿದೆ, ತಗ್ಗಿತು. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆಂಬುದು ಬಸ್ಸಿನಲ್ಲಿ ನಿಂತು ಪ್ರಯಾಣಿಸಿದವರಿಗೆಲ್ಲ ಗೊತ್ತು. ಹಾಗಾಗಿ ನನ್ನ ಗುಮಾನಿ ಬಲಬದಿಯ ಮುಂಚಕ್ರದ ಬೇರಿಂಗಿನ ಮೇಲೆ. ಟೈರಿನ ಸದ್ದೂ ಹೀಗೆಯೇ ಮೋಸ ಮಾಡುವುದುಂಟು. ಆದರೆ ಅದು ಡಾಂಬರಿನಿಂದ ಕಾಂಕ್ರೀಟಿಗೆ ಹೋದೊಡನೆ ಸ್ವರ ಬದಲಿಸುತ್ತದೆ, ಬೇರಿಂಗ್ ಬದಲಿಸುವುದಿಲ್ಲ.

ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಚಕ್ರವನ್ನು ಜಾಕ್‌ನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದನ್ನು ಸಸ್ಪೆನ್ಷನ್ನಿನ ಸ್ಪ್ರಿಂಗಿನ ಮೇಲಿಟ್ಟರು. ನಾಡಿ ನೋಡುವ ಪಂಡಿತರ ಹಾಗೆ! "ಮೇಷ್ಟ್ರೇ, ನೀವೂ ಮುಟ್ಟಿ ನೋಡಿ" ಎಂದರು. ಮರಳಿನ ಮೇಲೆ ಉರುಳಿದಂತಹ ಒರಟು ನಡುಕ ಬೆರಳಿಗೆ ತಾಗಿತು. ಬೇರಿಂಗ್, ಸೀಲ್, ಕೂಲಿ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಗೇರ್‌ಬಾಕ್ಸಿನ ಒಂದು ಬೋಲ್ಟನ್ನೂ ಸಡಿಲಿಸಲಿಲ್ಲ.

ಮಲೆನಾಡಿನವರು ಹೆಚ್ಚಾಗಿ ಕೇಳುವ ಸದ್ದು ಬೇರೆಯದು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಸ್ಟಿಯರಿಂಗನ್ನು ಪೂರ್ತಿ ಮುರಿದು ಆಕ್ಸಿಲರೇಟರ್ ಒತ್ತಿದಾಗ "ಕಟ ಕಟ ಕಟ" ಎನ್ನುವುದು. ನೇರ ರಸ್ತೆಗೆ ಬಂದೊಡನೆ ಮೌನ. ಇದು ಡ್ರೈವ್ ಶಾಫ್ಟಿನ ಹೊರತುದಿಯ ಸಿ.ವಿ. ಜಾಯಿಂಟಿನ ಅಳಲು. ಸಾಮಾನ್ಯವಾಗಿ ತಿರುವಿನ ಹೊರಬದಿಗಿರುವ ಚಕ್ರದ ಜಾಯಿಂಟ್ ಹೆಚ್ಚು ಗದ್ದಲ ಮಾಡುತ್ತದೆ. ಅಂಬಾಸಡರ್, ಪದ್ಮಿನಿಗಳಲ್ಲಿ ಹಿಂಚಕ್ರಗಳಿಗೆ ಶಕ್ತಿ ಒಯ್ಯುತ್ತಿದ್ದ ಉದ್ದನೆಯ ಶಾಫ್ಟಿನಲ್ಲಿ ಇದ್ದದ್ದು ಹದಿನೇಳನೆಯ ಶತಮಾನದ ರಾಬರ್ಟ್ ಹುಕ್‌ನ ಹೆಸರಿನ ಜಾಯಿಂಟ್. ಸ್ಪ್ರಿಂಗಿನ ನಿಯಮದ ಪಾಠದಲ್ಲಿ ನೀವೆಲ್ಲ ಓದಿದ ಅದೇ ಹುಕ್. ಅದು ಕೋನದಲ್ಲಿ ಬಾಗಿದಾಗ ಒಂದು ಬದಿ ಸಮವೇಗದಲ್ಲಿ ತಿರುಗಿದರೂ ಇನ್ನೊಂದು ಬದಿ ಪ್ರತಿ ಸುತ್ತಿಗೆ ಎರಡು ಬಾರಿ ಮುಂದೋಡಿ ಎರಡು ಬಾರಿ ಹಿಂದುಳಿಯುತ್ತದೆ. ತಿರುಗುತ್ತಲೇ ಅತ್ತಿತ್ತ ಹೊರಳಬೇಕಾದ ಮುಂಚಕ್ರಕ್ಕೆ ಇದು ಒಗ್ಗದು. ಈ ಕೊರತೆಯನ್ನು 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ರೂಪಿಸಿದ ಆರು ಉಕ್ಕಿನ ಗುಂಡುಗಳ ಜಾಯಿಂಟ್ ನೀಗಿಸಿತು. ಎಷ್ಟು ಬಾಗಿದರೂ ಎರಡೂ ಬದಿ ಸಮವೇಗ. ಆ ಗುಂಡುಗಳು ಹೊರಳುವ ಗಾಡಿಯಲ್ಲಿ ಗುಳಿ ಬಿದ್ದಾಗಲೇ ಕಟಕಟ ಶುರು.

ಇಷ್ಟು ಜಾಣತನದ ಯಂತ್ರವನ್ನು ಕಾಯುವುದು ಒಂದು ರಬ್ಬರಿನ ಬೂಟ್. ಅದು ಹರಿದರೆ ಕಪ್ಪು ಗ್ರೀಸ್ ಚಕ್ರದ ಒಳಮೈಗೆಲ್ಲ ಸಿಡಿಯುತ್ತದೆ, ಮಳೆಗಾಲದ ಕೆಸರು ಒಳಹೊಗುತ್ತದೆ. ಮೊದಲೇ ಕಂಡರೆ ಬೂಟ್ ಮತ್ತು ಗ್ರೀಸಿನ ಖರ್ಚು. ಕಟಕಟ ಬಂದ ಮೇಲೆ ಜಾಯಿಂಟಿನ ಖರ್ಚು. ಘಾಟಿಯ ನಡುವೆ ತುಂಡಾದರೆ ಕಾರು ಎಳೆದುಕೊಂಡೇ ಹೋಗಬೇಕು, ಎಂಜಿನ್ ಎಷ್ಟು ಕೂಗಿದರೂ ಚಕ್ರಕ್ಕೆ ಶಕ್ತಿ ಮುಟ್ಟದು. ಸವೆದದ್ದು ಹೊರ ಜಾಯಿಂಟ್ ಒಂದೇ ಆಗಿದ್ದರೆ ಅದನ್ನಷ್ಟೇ ಬದಲಿಸಲು ಸಾಧ್ಯ. ಇಡೀ ಶಾಫ್ಟ್ ಏಕೆ ಬೇಕೆಂದು ಕೇಳುವ ಹಕ್ಕು ನಿಮಗಿದೆ. ಶಾಫ್ಟ್ ಕಳಚಿದಾಗ ಗೇರ್‌ಬಾಕ್ಸಿನ ಬದಿಯ ಆಯಿಲ್ ಸೀಲನ್ನೂ ಹೊಸದು ಹಾಕಿಸಿ, ಗೇರ್ ಆಯಿಲ್ ಮಟ್ಟ ನೋಡಿಸಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಕ್ಲಚ್ಚಿನ ವಿಷಯ ಎರಡೇ ಮಾತು. ನಿಂತ ಕಾರಿನಲ್ಲಿ, ನ್ಯೂಟ್ರಲ್‌ನಲ್ಲಿ, ಪೆಡಲ್ ಒತ್ತಿದಾಗ ಹುಟ್ಟುವ ಸದ್ದು ರಿಲೀಸ್ ಬೇರಿಂಗಿನದು. ಒತ್ತಿದಾಗ ಅಡಗಿ ಬಿಟ್ಟಾಗ ಮರಳುವುದು ಬಹುಪಾಲು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನದು.

ಹಳೆಯ ಕಾರಿಗೆ ಏಕಿಷ್ಟು ಉಪಚಾರ, ಮಾರಿಬಿಡಿ ಎನ್ನುವ ಬಂಧುಗಳಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. 2022ರ ಏಪ್ರಿಲ್ಲಿನಲ್ಲಿ ಹದಿನೈದು ವರ್ಷ ಮೀರಿದ ಕಾರುಗಳ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಏರ್‌ಬ್ಯಾಗ್ ಇಲ್ಲದ ಈ ಕಾರಿನಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ನಾನು ಹೆದ್ದಾರಿಗೆ ಇಳಿಯುವುದಿಲ್ಲ. ತಳ ತುಕ್ಕು ಹಿಡಿದು ಸಸ್ಪೆನ್ಷನ್ ಕೂರುವ ಜಾಗವೇ ಸಡಿಲಗೊಂಡ ದಿನ ಬೀಳ್ಕೊಡುವುದಕ್ಕೂ ಸಿದ್ಧ. ಆದರೆ ಎರಡು ಸಾವಿರದ ಬೇರಿಂಗಿಗಾಗಿ ಗಾಡಿಯನ್ನೇ ಗುಜರಿಗೆ ಹಾಕುವುದನ್ನು ಆಧುನಿಕತೆಯೆಂದು ಕರೆಯಲು ನನ್ನಿಂದಾಗದು.

ಕಳೆದ ವಾರ ಬೆಂಗಳೂರಿನಿಂದ ನನ್ನ ಸೋದರಳಿಯ ಫೋನ್ ಮಾಡಿ, "ಮಾವ, ಹೊರಡುವಾಗಲೊಮ್ಮೆ, ರಿವರ್ಸ್ ಹಾಕಿದಾಗಲೊಮ್ಮೆ 'ಧಡ್' ಎನ್ನುತ್ತದೆ, ಡ್ರೈವ್ ಶಾಫ್ಟ್ ಬದಲಿಸಿ ಅಂತಿದ್ದಾರೆ" ಎಂದ. ಒಳ ಜಾಯಿಂಟ್ ಇರಬಹುದು, ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದಿರಲೂಬಹುದು. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಬ್ರೇಕಿನ ಮೇಲಿಟ್ಟು, ಮೊದಲ ಗೇರಿನಲ್ಲೊಮ್ಮೆ, ರಿವರ್ಸ್‌ನಲ್ಲೊಮ್ಮೆ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡು, ಎಂಜಿನ್ ಎಗರಿ ಬಿದ್ದರೆ ರಬ್ಬರನ್ನು ಮೊದಲು ನೋಡಿಸು ಎಂದಿದ್ದೇನೆ. ನೋಡಲು ನಿಲ್ಲುವವರು ಕಾರಿನ ಮುಂದೆ ನಿಲ್ಲದೆ ಪಕ್ಕದಲ್ಲಿ ನಿಲ್ಲಬೇಕೆಂದೂ ಹೇಳಿದ್ದೇನೆ. ಭಾನುವಾರ ನೋಡಿ ತಿಳಿಸುವನಂತೆ.