ಹತ್ತೊಂಬತ್ತು ದಿನ ಬೀದಿ ಬಿಡದ ಜನ

ಬಂದ್ ಬಂತೆಂದರೆ ನಮ್ಮ ಪ್ರೆಸ್‌ಗೆ ಕೈತುಂಬ ಕೆಲಸ. ಹುಡುಗರು ಓಡಿ ಬರುತ್ತಾರೆ. 'ಅಣ್ಣಾ, ಸಾವಿರ ಪೋಸ್ಟರ್, ನಾಳೆ ಬೆಳಿಗ್ಗೆಗೆ ಬೇಕು' ಅನ್ನುತ್ತಾರೆ. ನಿದ್ದೆಗೆಟ್ಟು ಅಚ್ಚು ಹಾಕಿ ಕೊಡುತ್ತೇನೆ. ಬಂದ್ ಮುಗಿದ ಮಾರನೇ ದಿನ ಅದರ ಮೇಲೆ ಸಿನಿಮಾ ಪೋಸ್ಟರ್ ಅಂಟಿರುತ್ತದೆ. ಕೇಳಿದ್ದು ಸಿಕ್ಕಿತೇ ಎಂದು ವಿಚಾರಿಸುವ ಗಂಡಸು ಒಬ್ಬನೂ ಇಲ್ಲ!

ಈ ಹುಡುಗರಿಗೆ ನೇಪಾಳದ ಕಥೆ ಹೇಳಬೇಕು. ಬೆಂಗಳೂರಿನ ಗೇಟುಗಳಲ್ಲಿ ರಾತ್ರಿಯಿಡೀ ಕೂರುವ ನೇಪಾಳಿಯನ್ನು 'ಗೂರ್ಖಾ' ಎಂದು ಕರೆದು ಮುಂದೆ ಹೋಗುತ್ತೇವೆ. ಅವನ ದೇಶದವರು 2006ರಲ್ಲಿ ಮಾಡಿದ್ದೇನು ಗೊತ್ತೆ?

1996ರ ಫೆಬ್ರವರಿಯಲ್ಲಿ ಅಲ್ಲಿ ಮಾವೋವಾದಿಗಳು ಯುದ್ಧ ಶುರು ಮಾಡಿದರು. ಹತ್ತು ವರ್ಷದಲ್ಲಿ 13,000ಕ್ಕೂ ಹೆಚ್ಚು ಜನ ಸತ್ತರು. ಹಳ್ಳಿಯವನಿಗೆ ಒಂದು ಕಡೆ ಸೈನ್ಯದ ಕಾಟ, ಇನ್ನೊಂದು ಕಡೆ ಬಂದೂಕಿನ ಹುಡುಗರ ಕಾಟ. ಇದನ್ನೇ ನೆಪ ಮಾಡಿಕೊಂಡು 2005ರ ಫೆಬ್ರವರಿ 1ರಂದು ದೊರೆ ಜ್ಞಾನೇಂದ್ರ ಇಡೀ ಅಧಿಕಾರ ಕಿತ್ತುಕೊಂಡ. ಟೆಲಿಫೋನ್ ಬಂದ್. ಪತ್ರಿಕಾ ಕಚೇರಿಗಳಲ್ಲಿ ಸಿಪಾಯಿಗಳು ಕೂತರು. ಎಫ್‌ಎಂ ರೇಡಿಯೋದವರು ಸುದ್ದಿ ಓದುವಂತಿಲ್ಲ! ಅಚ್ಚಿನ ಕೆಲಸ ಮಾಡುವ ನನಗೆ ಇದನ್ನು ನೆನೆದರೇ ಮೈ ಉರಿಯುತ್ತದೆ.

ಆ ನವೆಂಬರ್‌ನಲ್ಲಿ ಏಳು ಪಕ್ಷಗಳು ಮಾವೋವಾದಿಗಳ ಜೊತೆ 12 ಅಂಶಗಳ ಒಪ್ಪಂದ ಮಾಡಿಕೊಂಡವು. 2006ರ ಏಪ್ರಿಲ್ 6ರಿಂದ ಮುಷ್ಕರಕ್ಕೆ ಕರೆ ಕೊಟ್ಟವು, ಅದೂ ನಾಲ್ಕೇ ದಿನಕ್ಕೆ. ಜನ ನಾಲ್ಕು ದಿನಕ್ಕೆ ಮನೆಗೆ ಹೋದರೇ? ಇಲ್ಲ! ರೈತರು, ವಕೀಲರು, ಡಾಕ್ಟರುಗಳು, ಸರ್ಕಾರಿ ನೌಕರರು ಎಲ್ಲರೂ ಇಳಿದರು. ಕರ್ಫ್ಯೂ ಹಾಕಿದರು, ಕಂಡಲ್ಲಿ ಗುಂಡು ಎಂದರು. ಜನ ಸತ್ತರು. ಆದರೂ ಕಠ್ಮಂಡುವಿನ ರಿಂಗ್ ರೋಡ್ ತುಂಬಿತು.

ಏಪ್ರಿಲ್ 21ರಂದು ದೊರೆ ಟಿವಿಯಲ್ಲಿ ಬಂದು, ಪ್ರಧಾನಿಯ ಹೆಸರು ಹೇಳಿ, ಅಧಿಕಾರ ಕೊಡುತ್ತೇನೆ ಅಂದ. ದೆಹಲಿಯೂ ತಲೆಯಾಡಿಸಿತು. ನಮ್ಮವರಾಗಿದ್ದರೆ ಅಂದೇ ಹಾರ ಹಾಕಿ ಪಟಾಕಿ ಹೊಡೆಯುತ್ತಿದ್ದರು. ಅಲ್ಲಿಯ ಜನ ಮರುದಿನ ಕರ್ಫ್ಯೂ ಮುರಿದು ಊರೊಳಗೆ ನುಗ್ಗಿದರು. 24ರ ರಾತ್ರಿ ದೊರೆ ಬಾಗಿದ, ಸಂಸತ್ತು ಮತ್ತೆ ಬಂತು. ನವೆಂಬರ್ 21ರಂದು ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬಿತ್ತು. 2008ರ ಮೇ 28ಕ್ಕೆ ದೊರೆತನವೇ ಹೋಯಿತು.

ಭಾಷೆಯ ಮಾತಿಗೆ ಬನ್ನಿ. 1990ರ ಸಂವಿಧಾನ ನೇಪಾಳಿಗೆ ಮಾತ್ರ ರಾಷ್ಟ್ರಭಾಷೆಯ ಪಟ್ಟ ಕೊಟ್ಟಿತ್ತು. ಕಠ್ಮಂಡು ನಗರಸಭೆ ನೇವಾರಿಯನ್ನೂ, ತರಾಯಿಯ ಧನುಷಾ ಜಿಲ್ಲೆ ಮೈಥಿಲಿಯನ್ನೂ ಕಚೇರಿಯಲ್ಲಿ ಬಳಸಲು ಹೊರಟರೆ 1999ರ ಜೂನ್ 1ರಂದು ಸುಪ್ರೀಂ ಕೋರ್ಟ್ ಕೂಡದು ಅಂದಿತು. ಬೀದಿ ಗೆದ್ದ ಮೇಲೆ ಬಂದ 2007ರ ಮಧ್ಯಂತರ ಸಂವಿಧಾನ ದೇಶದ ಎಲ್ಲ ತಾಯ್ನುಡಿಗಳೂ ರಾಷ್ಟ್ರಭಾಷೆಗಳೇ ಎಂದು ಬರೆಯಿತು. ಸ್ಥಳೀಯ ಕಚೇರಿಯಲ್ಲಿ ತಾಯ್ನುಡಿ ಬಳಸಲು ಅಡ್ಡಿಯಿಲ್ಲ ಎಂದಿತು. ಹಾಗೆಂದು ಎಲ್ಲ ಸರಿಯಾಯಿತೇ? ಇಲ್ಲ. 2015ರ ಸಂವಿಧಾನದಲ್ಲೂ ಕೇಂದ್ರದ ಕಚೇರಿ ಭಾಷೆ ನೇಪಾಳಿಯೇ. ಆದರೆ ಕೋರ್ಟು ಕೂಡದು ಅಂದದ್ದನ್ನು ಸಂವಿಧಾನದಲ್ಲಿ ಬರೆಸಿದ್ದು ಯಾರು? ಜನ!

ಬಂದೂಕು ಹಿಡಿದವರು ಹತ್ತು ವರ್ಷದಲ್ಲಿ ಕಠ್ಮಂಡುವನ್ನು ಗೆಲ್ಲಲಾಗಲಿಲ್ಲ. ಪಕ್ಷದ ಮುಖಂಡರು ದೊರೆಯನ್ನು ಬಗ್ಗಿಸಲಾಗಲಿಲ್ಲ. ಬೇಕಾದ್ದು ಸಿಗುವತನಕ ಕದಲದ ಜನ ಬಂದಾಗ ಮಾತ್ರ ಕೆಲಸವಾಯಿತು.

ತಮ್ಮಂದಿರೇ, ಬಸ್ಸಿಗೊಂದು ಕಲ್ಲು ಎಸೆದು, ಫೋಟೋ ತೆಗೆಸಿಕೊಂಡು, ಸಂಜೆಗೆ ಮನೆ ಸೇರಿದರೆ ಅದು ಚಳವಳಿಯಲ್ಲ, ಜಾತ್ರೆ! ಮುಂದಿನ ಸಲ ಪೋಸ್ಟರ್ ಮಾಡಿಸಲು ಬರುವಾಗ ಮೂರು ಸಾಲು ಹೆಚ್ಚು ಬರೆದು ತನ್ನಿ. ಏನು ಬೇಕು? ಯಾವ ತಾರೀಖಿನೊಳಗೆ ಬೇಕು? ಸಿಗದಿದ್ದರೆ ಮತ್ತೆ ಎಂದು ಸೇರುತ್ತೀರಿ? ಆ ಪೋಸ್ಟರ್‌ಗೆ ನಾನು ಅಚ್ಚಿನ ಕೂಲಿ ಕೇಳುವುದಿಲ್ಲ.